ಗೊದ್ದ ಸಾಕಲು ಯಾವ ಮಣ್ಣು ಒಳ್ಳೆಯದು? ಅದನ್ನು ಹೇಗೆ ಶುದ್ಧ ಮಾಡಬೇಕು?

ತಿಪಟೂರು_ತೆಂಗು
ನಮಸ್ಕಾರ ಎಲ್ಲರಿಗೂ. ನಮ್ಮ ಮನೆಯಲ್ಲಿ ಕರಿ ಗೊದ್ದದ ಒಂದು ಸಣ್ಣ ಕುಟುಂಬ ಇದೆ. ರಾಣಿ ಟೆಸ್ಟ್ ಟ್ಯೂಬಿನಲ್ಲೇ ಮೊಟ್ಟೆ ಇಟ್ಟು ಮರಿ ಮಾಡಿದೆ. ಈಗ ಟ್ಯೂಬಿನಲ್ಲಿ ಜಾಗ ಸಾಲುತ್ತಿಲ್ಲ, ಕೆಲಸಗಾರ ಇರುವೆಗಳು ಟ್ಯೂಬಿಗೆ ತುರುಕಿದ ಹತ್ತಿಯನ್ನು ಕಿತ್ತು ಹಾಕುತ್ತಿವೆ. ಇನ್ನು ಮಣ್ಣಿನ ಮನೆಗೆ ಸಾಗಿಸಬೇಕು. ಎರಡು ಗಾಜಿನ ನಡುವೆ ಮಣ್ಣು ತುಂಬುವಂಥ ಪೆಟ್ಟಿಗೆಯನ್ನು ಬಡಗಿಯವರ ಹತ್ತಿರ ಮಾಡಿಸಿಯೂ ಆಯಿತು.

ತಲೆನೋವು ಮಣ್ಣಿನದು. ಒಬ್ಬರು ಕೋಕೋಪೀಟ್ ಅಂತಾರೆ, ಒಬ್ಬರು ನರ್ಸರಿ ಮಿಶ್ರಣ, ಇನ್ನೊಬ್ಬರು ಬರೀ ಮರಳು. ನಮ್ಮೂರಲ್ಲಿ ಕೋಕೋಪೀಟಿಗೆ ಬರ ಇಲ್ಲ. ಹಿತ್ತಲಲ್ಲಿ ಕೆಮ್ಮಣ್ಣೂ ಇದೆ. ಯಾವುದು ಸರಿ? ಕುದಿಸಬೇಕಾ, ಹುರಿಯಬೇಕಾ, ಬಿಸಿಲಿಗೆ ಹಾಕಿದರೆ ಸಾಕಾ? ಅಮ್ಮ ಕುಕ್ಕರ್ ಮುಟ್ಟಲು ಬಿಡಲ್ಲ ಅಂತ ಈಗಲೇ ಹೇಳಿದ್ದಾರೆ.

ಕೆಮ್ಮಣ್ಣು_ಕೋಲಾರ
ಮರಳು ಮತ್ತು ಕೆಮ್ಮಣ್ಣು ಬೆರೆಸಿ. ನಾನು ಮೂರು ಪಾಲು ಸಣ್ಣ ಮರಳಿಗೆ ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು ಹಾಕುತ್ತೇನೆ. ಬರೀ ಮರಳಾದರೆ ಒಣಗಿದ ಕೂಡಲೇ ಸುರಂಗ ಕುಸಿಯುತ್ತದೆ. ಬರೀ ಜೇಡಿಯಾದರೆ ಇಟ್ಟಿಗೆ ಆಗುತ್ತದೆ, ಇರುವೆಗೆ ಕೊರೆಯಲು ಆಗಲ್ಲ. ಎರಡೂ ಸೇರಿದರೆ ಜೇಡಿ ಅಂಟಿನಂತೆ ಮರಳಿನ ಕಾಳುಗಳನ್ನು ಹಿಡಿದಿಡುತ್ತದೆ.

ಹದ ನೋಡುವುದು ಸುಲಭ. ನೀರು ಚಿಮುಕಿಸಿ ಕಲಸಿ, ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಿರಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಆ ಉಂಡೆಗೆ ಪೆನ್ಸಿಲ್ ಚುಚ್ಚಿ ತೂತು ಮಾಡಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೂ ತೂತು ಹಾಗೇ ಇದ್ದರೆ ಆ ಮಿಶ್ರಣ ಪಾಸು. ಅಂಚು ಉದುರಿದರೆ ಜೇಡಿ ಸ್ವಲ್ಪ ಜಾಸ್ತಿ ಮಾಡಿ. ಉಂಡೆ ಬಿರುಕು ಬಿಟ್ಟರೆ ಮರಳು ಜಾಸ್ತಿ ಮಾಡಿ.

ಮಚ್ಚಿನ_ತೋಟ
ಸುಮ್ನೆ ಯಾಕೆ ಇಷ್ಟು ಕಷ್ಟ? ನರ್ಸರಿಯಲ್ಲಿ ಸಿಗುವ ಪಾಟಿಂಗ್ ಮಿಕ್ಸ್ ಹಾಕಿ. ಮೃದುವಾಗಿರುತ್ತದೆ, ಚೆನ್ನಾಗಿ ಕೊರೆಯುತ್ತವೆ.

ಸಹ್ಯಾದ್ರಿ_ಕೀಟ
@ಮಚ್ಚಿನ_ತೋಟ ದಯವಿಟ್ಟು ಈ ಸಲಹೆ ಕೊಡಬೇಡಿ. ನರ್ಸರಿ ಮಿಶ್ರಣದಲ್ಲಿ ಸಾಮಾನ್ಯವಾಗಿ ಬೇವಿನ ಹಿಂಡಿ ಇರುತ್ತದೆ. ಅದನ್ನು ಹಾಕುವುದೇ ಮಣ್ಣಿನ ಹುಳ ಹತೋಟಿಗೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೀಟಗಳ ಪೊರೆ ಕಳಚುವ ಕ್ರಿಯೆಯನ್ನೇ ಕೆಡಿಸುತ್ತದೆ. ದೊಡ್ಡ ಇರುವೆ ಓಡಾಡಿಕೊಂಡು ಚೆನ್ನಾಗೇ ಕಾಣುತ್ತದೆ, ಒಳಗೆ ಮರಿಗಳು ಬೆಳೆಯದೆ ಸಾಯುತ್ತವೆ. ಅದರ ಮೇಲೆ ರಾಸಾಯನಿಕ ಗೊಬ್ಬರದ ಉಪ್ಪು ಬೇರೆ.

ಇಲ್ಲಿ ಎಲ್ಲರೂ ಕುದಿಸುವುದು, ಹುರಿಯುವುದು ಅಂತಲೇ ಮಾತಾಡುತ್ತಾರೆ. ಅದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಮಣ್ಣು ಎಲ್ಲಿಂದ ಬಂತು ಅನ್ನೋದು. ಬಿಸಿ ಮಾಡಿದರೆ ನುಸಿ ಸಾಯುತ್ತದೆ, ಬೂಷ್ಟಿನ ಬೀಜಾಣು ಸಾಯುತ್ತದೆ, ಬೇರೆ ಹುಳಗಳ ಮೊಟ್ಟೆ ಸಾಯುತ್ತದೆ. ಕೀಟನಾಶಕ, ಉಪ್ಪು, ತಾಮ್ರ ಇವು ಯಾವುದೂ ಹೋಗಲ್ಲ. ವಿಷ ಇರುವ ಮಣ್ಣನ್ನು ಕುಕ್ಕರಿನಲ್ಲಿ ಎಷ್ಟು ಹೊತ್ತು ಕೂಗಿಸಿದರೂ ಅದು ವಿಷದ ಮಣ್ಣೇ.

ತಿಪಟೂರು_ತೆಂಗು
ಓ, ಹಾಗಾದರೆ ಹಿತ್ತಲ ಮಣ್ಣು? ನಾವು ಔಷಧಿ ಏನೂ ಹೊಡೆಯಲ್ಲ.

ಸಹ್ಯಾದ್ರಿ_ಕೀಟ
ಮನೆಯ ಗೋಡೆಗೆ ಹತ್ತಿರದ್ದಾ? ಮನೆ ಕಟ್ಟುವಾಗ ಗೆದ್ದಲಿಗೆ ಅಂತ ಪಾಯದ ಸುತ್ತ ಔಷಧಿ ಸುರಿಸಿದ್ದಾರಾ ಕೇಳಿ ನೋಡಿ. ಹಿಂದೆ ಇದಕ್ಕೆ ಕ್ಲೋರ್‌ಪೈರಿಫಾಸ್ ಹೆಚ್ಚು ಬಳಸುತ್ತಿದ್ದರು. ಗೆದ್ದಲಿಗೆ ಹಾಕುವ ಪ್ರಮಾಣದಲ್ಲಿ ಹಾಕಿದರೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗೆ ಉಳಿಯಲಿ ಅಂತಲೇ ಹಾಕುವುದು. ಪಾಯದ ಪಕ್ಕದ ಮಣ್ಣು ಬೇಡವೇ ಬೇಡ.

ಅಡಿಕೆ_ಸೋಗೆ
ನಮ್ಮ ಕಡೆಯವರಿಗೂ ಒಂದು ಮಾತು. ಅಡಿಕೆ ತೋಟದ ಮಣ್ಣು ನೋಡೋಕೆ ಚಂದ, ಕಪ್ಪಗೆ ಪುಡಿಪುಡಿಯಾಗಿ ಇರುತ್ತದೆ. ಆದರೆ ಕೊಳೆರೋಗಕ್ಕೆ ತಲೆಮಾರುಗಳಿಂದ ಬೋರ್ಡೋ ಹೊಡೆದ ಮಣ್ಣು ಅದು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಪ್ರತಿ ಮಳೆಗಾಲದಲ್ಲೂ ಒಂದಕ್ಕಿಂತ ಹೆಚ್ಚು ಸಲ ಹೊಡೆಯುತ್ತಾರೆ. ಮಳೆಗೆ ತೊಳೆದು ಬಂದ ತಾಮ್ರ ಎಲ್ಲಿ ಹೋಗುತ್ತದೆ? ಬುಡದ ಮಣ್ಣಿನಲ್ಲೇ ಕೂರುತ್ತದೆ. ಶುಂಠಿ ಹಾಕಿದ ಗದ್ದೆಯ ಮಣ್ಣಂತೂ ಮುಟ್ಟಲೇಬೇಡಿ. ಏನೇನು ಸುರಿದಿದ್ದಾರೆ ಅಂತ ಗುತ್ತಿಗೆಗೆ ಮಾಡಿದವರಿಗೇ ಗೊತ್ತು.

ಕರಾವಳಿ_ಮರಳು
ನಮಗೆ ಸಮುದ್ರದ ಮರಳು ಬೇಕಾದಷ್ಟು ಸಿಗುತ್ತದೆ ಮಾರಾಯ್ರೆ. ತೊಳೆದು ಹಾಕಬಹುದಲ್ವಾ? ಕಾಳು ಒಂದೇ ಸಮ ಇರುತ್ತದೆ, ಜರಡಿಯೂ ಬೇಡ.

ಕೆಮ್ಮಣ್ಣು_ಕೋಲಾರ
ತೊಳೆದರೆ ಆಗುತ್ತದೆ, ಆದರೆ ಉಪ್ಪು ಪೂರ್ತಿ ಹೋಗಬೇಕು. ಉಪ್ಪು ಉಳಿದರೆ ಗಾಳಿಯ ತೇವ ಎಳೆದುಕೊಂಡು ಮರಳು ಯಾವಾಗಲೂ ಒದ್ದೆ ಒದ್ದೆ. ಪರೀಕ್ಷೆ ಮಾಡೋದು ಹೀಗೆ: ಕೊನೆಯ ಸಲ ತೊಳೆದ ನೀರನ್ನು ಬಸಿದು, ಒಂದು ಸ್ಟೀಲ್ ತಟ್ಟೆಯಲ್ಲಿ ಎರಡು ಚಮಚ ಹಾಕಿ ಬಿಸಿಲಿಗಿಡಿ. ನೀರು ಆರಿದ ಮೇಲೆ ತಟ್ಟೆಯಲ್ಲಿ ಬಿಳಿ ಕಲೆ ಉಳಿದರೆ ಇನ್ನೂ ತೊಳೆಯಬೇಕು ಅಂತ ಅರ್ಥ.

ಬಯಲುಸೀಮೆ_ಬೋರು
@ಕೆಮ್ಮಣ್ಣು_ಕೋಲಾರ ನಿಮ್ಮ ಪರೀಕ್ಷೆ ನಮ್ಮಲ್ಲಿ ಕೆಲಸ ಮಾಡಲ್ಲ ಸರ್. ನಮ್ಮ ಬೋರ್‌ವೆಲ್ ನೀರನ್ನು ಹಾಗೇ ತಟ್ಟೆಗೆ ಹಾಕಿ ಒಣಗಿಸಿದರೂ ಬಿಳಿ ಕಲೆ ನಿಲ್ಲುತ್ತದೆ. ನಿಮ್ಮ ಕೋಲಾರದಲ್ಲೂ ಅಷ್ಟೇ ಅಲ್ವಾ?

ಕೆಮ್ಮಣ್ಣು_ಕೋಲಾರ
ನಿಜ ನಿಜ. ನಾನು ಬಳಸೋದು ಮಳೆನೀರು, ಅದನ್ನು ಬರೆಯೋದು ಬಿಟ್ಟುಹೋಯಿತು. ಕೊನೆಯ ಎರಡು ಸಲ ಮಳೆನೀರು ಅಥವಾ ಶುದ್ಧ ನೀರಿನ ಘಟಕದ ನೀರಿನಲ್ಲಿ ತೊಳೆಯಿರಿ. ಆಮೇಲೆ ಗೂಡಿಗೆ ತೇವ ಕೊಡುವುದಕ್ಕೂ ಅದೇ ನೀರು ಒಳ್ಳೆಯದು. ಗಡಸು ನೀರು ಹಾಕುತ್ತಾ ಹೋದರೆ ಗಾಜಿನ ಒಳಗಡೆ ಸುಣ್ಣದ ಪದರ ಕಟ್ಟಿ ಇರುವೆಯೇ ಕಾಣಲ್ಲ.

ಹೊಸ_ಗೂಡು
ಎಂ-ಸ್ಯಾಂಡ್ ಆಗುತ್ತಾ? ಪಕ್ಕದ ಸೈಟಿನಲ್ಲಿ ರಾಶಿ ಬಿದ್ದಿದೆ.

ಮಚ್ಚಿನ_ತೋಟ
ಎಂ-ಸ್ಯಾಂಡ್ ಕಾಳು ಚೂಪು. ಇರುವೆ ಕಾಲಿಗೆ, ಹೊಟ್ಟೆಗೆ ಗಾಯ ಆಗುತ್ತದೆ.

ಮೇಸ್ತ್ರಿ_ಮಗ
ಗಾಯದ ಮಾತು ನಾನು ಒಪ್ಪಲ್ಲ. ಕಲ್ಲುಗುಡ್ಡದ ಗರಸಿನಲ್ಲಿ ಗೂಡು ಮಾಡುವ ಇರುವೆಗಳು ಬೇಕಾದಷ್ಟಿವೆ. ಮೂಲೆ ಇರುವ ಕಾಳು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಸುರಂಗಕ್ಕೆ ಅದು ಅನುಕೂಲವೇ. ಎಂ-ಸ್ಯಾಂಡಿನ ತೊಂದರೆ ಎರಡು. ಒಂದು, ಕಲ್ಲುಪುಡಿ ಜಾಸ್ತಿ. ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಎರಡು, ಸೈಟಿನ ರಾಶಿಗೆ ಸಿಮೆಂಟು ಬಿದ್ದಿರುತ್ತದೆ. ಸಿಮೆಂಟ್ ನೀರು ಸುಣ್ಣದ ನೀರಿನ ಹಾಗೆ ಖಾರ, ನಮ್ಮ ಕೈಯನ್ನೇ ಸುಡುತ್ತದೆ. ಹಾಗಾಗಿ ಸೈಟಿನ ರಾಶಿ ಬೇಡ. ಅಕ್ವೇರಿಯಂ ಅಂಗಡಿಯಲ್ಲಿ ಬಣ್ಣ ಹಾಕದ ಸಣ್ಣ ಮರಳು ಸಿಗುತ್ತದೆ. ಗೂಡಿಗೆ ಬೇಕಾಗುವುದೇ ಒಂದೆರಡು ಕೆಜಿ.

ಮಣ್ಣಿನ_ಮೇಷ್ಟ್ರು
ಕಾಳು ಕಚ್ಚಿಕೊಳ್ಳುವ ಮಾತು ಬಂತಲ್ಲ, ಅದಕ್ಕೊಂದು ಸೊಗಸಾದ ಸಂಶೋಧನೆ ಇದೆ. ಅಮೆರಿಕದ ವಿಶ್ವವಿದ್ಯಾಲಯ ಕ್ಯಾಲ್‌ಟೆಕ್‌ನವರು 2021ರಲ್ಲಿ ಪ್ರಕಟಿಸಿದ್ದು. ಸಣ್ಣ ಡಬ್ಬಿಯಲ್ಲಿ ಮಣ್ಣು ತುಂಬಿ ಇರುವೆ ಬಿಟ್ಟು, ಅವು ಕೊರೆಯುತ್ತಾ ಹೋದ ಹಾಗೆ ಎಕ್ಸ್-ರೇ ಚಿತ್ರ ತೆಗೆದರು. ಯಾವ ಕಾಳು ತೆಗೆದಾಗ ಭಾರ ಹೇಗೆ ಹಂಚಿಹೋಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಸುರಂಗ ಆಳವಾದಂತೆ ಸುತ್ತಲಿನ ಮಣ್ಣಿನ ಭಾರ ಕಮಾನಿನ ರೀತಿ ಸುರಂಗವನ್ನು ಬಳಸಿ ಹೋಗುತ್ತದೆ. ಗೋಡೆಯಲ್ಲಿರುವ ಕಾಳಿನ ಮೇಲೆ ಒತ್ತಡ ಕಡಿಮೆಯಾಗುತ್ತದೆ. ಇರುವೆ ಎಳೆಯುವುದು ಆ ಸಡಿಲ ಕಾಳನ್ನೇ. ಹಾಗಾಗಿ ಸುರಂಗ ಬೀಳಲ್ಲ.

ನಾವು ಮಾಡಬೇಕಾದದ್ದು ಇಷ್ಟೇ: ಕಾಳು ಒಂದೇ ಗಾತ್ರದ್ದು ಇರಬಾರದು, ದೊಡ್ಡದು ಸಣ್ಣದು ಬೆರೆತಿರಬೇಕು, ತೇವ ಹದವಾಗಿರಬೇಕು. ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ.

ನಿಮ್ಮ ಮಣ್ಣಿನಲ್ಲಿ ಜೇಡಿ ಎಷ್ಟಿದೆ ನೋಡಬೇಕಾ? ಉದ್ದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ಗೋಡು (ಮರಳಿಗಿಂತ ನುಣ್ಣನೆಯ ಮಣ್ಣು) ಕೆಲವು ಗಂಟೆಯಲ್ಲಿ ಕೂರುತ್ತದೆ. ಜೇಡಿ ತಿಳಿಯಾಗಲು ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಮೂರು ಪದರ ಸ್ಪಷ್ಟವಾಗಿ ಕಾಣುತ್ತದೆ.

ಗದಗ_ಎರೆ
ನಮ್ಮ ಕಡೆ ಎರೆಮಣ್ಣು ಬಿಟ್ಟರೆ ಬೇರೆ ಇಲ್ಲರೀ. ಅದರಲ್ಲೇ ಗೊದ್ದ ಇರ್ತಾವೆ. ಯಾಕೆ ಆಗಬಾರದು?

ಮಣ್ಣಿನ_ಮೇಷ್ಟ್ರು
@ಗದಗ_ಎರೆ ಹೊಲದಲ್ಲಿ ಆಗುತ್ತದೆ, ಗಾಜಿನ ನಡುವೆ ಆಗಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲದ ಬಿರುಕಿನಲ್ಲಿ ಕೈ ಇಳಿಯುತ್ತದಲ್ಲ, ಅದೇ ಕೆಲಸ ಗೂಡಿನಲ್ಲೂ ಆಗುತ್ತದೆ. ಹೊಲದಲ್ಲಿ ಇರುವೆ ಇನ್ನೂ ಆಳಕ್ಕೆ ಹೋಗಿ ತಪ್ಪಿಸಿಕೊಳ್ಳುತ್ತದೆ. ಒಂದು ಅಡಿ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಕೆಮ್ಮಣ್ಣಿನ ಜೇಡಿ ಹೀಗೆ ಉಬ್ಬಲ್ಲ, ಹಾಗಾಗಿ ಅದು ವಾಸಿ. ನಿಮ್ಮ ಹತ್ತಿರದ ಕಪ್ಪತಗುಡ್ಡದ ಬುಡದ ಊರುಗಳ ಕಡೆ ಕೆಂಪು ಮಣ್ಣು ಇದೆ. ಅಲ್ಲಿ ನೆಂಟರಿದ್ದರೆ ಅವರ ಮನೆ ಅಂಗಳದಿಂದ ಒಂದು ಚೀಲ ತರಿಸಿ. ಗುಡ್ಡದಿಂದ ಮಾತ್ರ ಬೇಡ, ಅದು ವನ್ಯಜೀವಿ ಧಾಮ.

ಹೊಸ_ಗೂಡು
ಹುತ್ತದ ಮಣ್ಣು? ಇರುವೆಗಳೇ ಕಟ್ಟಿದ್ದು, ಅದಕ್ಕಿಂತ ಒಳ್ಳೆಯದು ಯಾವುದಿದೆ?

ಸಹ್ಯಾದ್ರಿ_ಕೀಟ
ಹುತ್ತ ಕಟ್ಟುವುದು ಗೆದ್ದಲು, ಇರುವೆ ಅಲ್ಲ. ಗೆದ್ದಲು ಜಿರಲೆಯ ಬಳಗ. ಇರುವೆ ಕಣಜ, ಜೇನಿನ ಬಳಗ. ಗೆದ್ದಲಿಗೆ ಇರುವೆಯೇ ದೊಡ್ಡ ಶತ್ರು.

ಹುತ್ತದ ಮಣ್ಣಿನಲ್ಲಿ ಜೇಡಿ ಜಾಸ್ತಿ, ಗಟ್ಟಿ ನಿಲ್ಲುತ್ತದೆ. ಮರಳಿಗೆ ಬೆರೆಸಲು ಒಳ್ಳೆಯದೇ. ಆದರೆ ಜೀವ ಇರುವ ಹುತ್ತ ಒಡೆಯಬೇಡಿ. ಪೂಜೆ ಮಾಡುವ ಹುತ್ತಕ್ಕಂತೂ ಕೈ ಹಾಕಬೇಡಿ, ಅದು ಜನರ ನಂಬಿಕೆಯ ವಿಷಯ. ಹಾವೂ ಇರಬಹುದು. ಮಳೆಗೆ ಕರಗಿ ಬಿದ್ದ ಹಳೇ ಹುತ್ತದ ಮಣ್ಣು ಸಿಕ್ಕರೆ ಸಾಕು.

ತಿಪಟೂರು_ತೆಂಗು
ಕೋಕೋಪೀಟ್ ಬಗ್ಗೆ ಯಾರೂ ಹೇಳಲಿಲ್ಲ.

ಅರಸೀಕೆರೆ_ನಾರು
ನಾನು ಹೇಳುತ್ತೇನೆ, ನಮ್ಮ ಮನೆಯವರ ಕಸುಬೇ ಅದು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಸಹಜವಾಗಿಯೇ ಇರುತ್ತದೆ, ಪೊಟ್ಯಾಶಿಯಂ ಮತ್ತು ಸೋಡಿಯಂ. ಗಿಡಕ್ಕೆ ಮಾರುವವರೂ ತೊಳೆದದ್ದು, ತೊಳೆಯದ್ದು ಅಂತ ಎರಡು ಥರ ಮಾರುತ್ತಾರೆ. ತೊಳೆದದ್ದೇ ತಂದರೂ ಸುರಂಗ ನಿಲ್ಲಲ್ಲ, ಅದು ಸ್ಪಂಜಿನ ಹಾಗೆ. ನೀರು ಹಿಡಿದಿಟ್ಟುಕೊಂಡು ಬೂಷ್ಟು ಬರಿಸುತ್ತದೆ. ಮರಳು ಮಣ್ಣಿನ ಜೊತೆ ಒಂದು ಹಿಡಿ ಬೆರೆಸಿದರೆ ತೇವ ನಿಲ್ಲುವುದಕ್ಕೆ ಸಹಾಯ. ಬರೀ ಅದೇ ಬೇಡ.

ಕುಶಿ_ಕೀಟಲೋಕ
ಆನ್‌ಲೈನ್‌ನಲ್ಲಿ ನೀಲಿ ಜೆಲ್ ಇರುವೆಮನೆ ಸಿಗುತ್ತದಲ್ಲ, ಅದರಲ್ಲಿ ಆಹಾರ ನೀರು ಎರಡೂ ಇದೆ, ಮಣ್ಣೇ ಬೇಡ ಅಂತ ಬರೆದಿದ್ದಾರೆ. ಅದು ಹೇಗೆ?

ಸಹ್ಯಾದ್ರಿ_ಕೀಟ
ಬೇಡ. ಅದು ಬಾಹ್ಯಾಕಾಶಕ್ಕೆ ಇರುವೆ ಕಳಿಸಲು ಬಂದ ಉಪಾಯ. 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಅಮೆರಿಕದ ಶಾಲಾ ಮಕ್ಕಳ ಪ್ರಯೋಗಕ್ಕೆ ಇರುವೆಗಳನ್ನು ಜೆಲ್‌ನಲ್ಲಿ ಇಟ್ಟು ಕಳಿಸಿದ್ದರು. ರಾಣಿ ಇಲ್ಲದ ಕೆಲವು ಕೆಲಸಗಾರ ಇರುವೆಗಳನ್ನು ಸ್ವಲ್ಪ ದಿನ ನೋಡುವುದಕ್ಕೆ ಅದು ಸರಿ. ಮರಿಗಳಿಗೆ ಪ್ರೋಟೀನ್ ಬೇಕು, ಬರೀ ಸಕ್ಕರೆ ಜೆಲ್‌ನಲ್ಲಿ ಕುಟುಂಬ ಬೆಳೆಯಲ್ಲ.

ಅಡಿಕೆ_ಸೋಗೆ
ನನ್ನದು ಬೇರೆ ಪ್ರಶ್ನೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಗೂಡು ಎರಕ ಹೊಯ್ದರೆ ಮಣ್ಣೇ ಬೇಡ ಅಂತ ಒಬ್ಬರು ಹೇಳಿದರು. ಸ್ವಚ್ಛವಾಗಿ ಇರುತ್ತದೆ, ಇರುವೆ ಚೆನ್ನಾಗಿ ಕಾಣುತ್ತದೆ. ಹಾಗಾದರೆ ಮಣ್ಣಿನ ರಗಳೆಯೇ ಯಾಕೆ?

ಜಿಗಿ_ಇರುವೆ
ಯಾವ ಇರುವೆ ಸಾಕುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಇದು ಜನ ಗಮನಿಸದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಗೊದ್ದದ ಮರಿಹುಳು ದೊಡ್ಡದಾದ ಮೇಲೆ ಸುತ್ತಲೂ ರೇಷ್ಮೆ ನೇಯ್ದುಕೊಂಡು ಕೋಶ ಕಟ್ಟುತ್ತದೆ. ಇರುವೆ ಬಾಯಲ್ಲಿ ಕಚ್ಚಿಕೊಂಡು ಓಡುವ ಆ ಕಂದು ಬಣ್ಣದ ಉದ್ದನೆಯ ‘ಮೊಟ್ಟೆ’ ನೋಡಿರುತ್ತೀರಲ್ಲ, ಅದು ಮೊಟ್ಟೆ ಅಲ್ಲ, ಈ ಕೋಶ. ನೇಯಲು ಶುರು ಮಾಡುವಾಗ ದಾರವನ್ನು ಅಂಟಿಸಲು ಸುತ್ತಲೂ ಏನಾದರೂ ಬೇಕು. ಕೆಲಸಗಾರ ಇರುವೆಗಳು ಆ ಮರಿಯನ್ನು ಮಣ್ಣಿನ ಕಾಳಿನಲ್ಲಿ ಹೂತಿಡುತ್ತವೆ. ನೇಯ್ದು ಮುಗಿದ ಮೇಲೆ ತೆಗೆದು ಒರೆಸಿ ಸ್ವಚ್ಛ ಮಾಡುತ್ತವೆ. ನುಣ್ಣನೆಯ ಪ್ಲಾಸ್ಟರ್ ನೆಲದಲ್ಲಿ ಹೂಳುವುದಕ್ಕೆ ಏನಿದೆ? ಗೊದ್ದಗಳು ಹೇಗೋ ಸುಧಾರಿಸಿಕೊಳ್ಳುತ್ತವೆ, ಹತ್ತಿಯ ಎಳೆ, ಕಸ ಯಾವುದಾದರೂ ಬಳಸುತ್ತವೆ. ಆದರೆ ಡಯಾಕಮ್ಮಾ ಅನ್ನುವ ಇರುವೆ, ನಮ್ಮ ಪಶ್ಚಿಮ ಘಟ್ಟದ ಜಿಗಿಯುವ ಇರುವೆ ಹಾರ್ಪೆಗ್ನಾಥೋಸ್ ಇಂಥವು ಮಣ್ಣಿನ ಪುಡಿ ಇಲ್ಲದಿದ್ದರೆ ತುಂಬಾ ಒದ್ದಾಡುತ್ತವೆ. ಜಿಗಿಯುವ ಇರುವೆಯಂತೂ ಖಾಲಿ ಕೋಶಗಳನ್ನು ಹರಿದು ತನ್ನ ಕೋಣೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ.

ಫೀಡೋಲೆ ಥರದ ದೊಡ್ಡ ತಲೆಯ ಸಣ್ಣ ಇರುವೆಗಳು ಕೋಶ ಕಟ್ಟುವುದೇ ಇಲ್ಲ. ಅವುಗಳ ಗೊಂಬೆಹುಳು (ಮರಿಹುಳು ಇರುವೆಯಾಗುವ ಮುಂಚಿನ ಹಂತ) ಬೆತ್ತಲೆ, ಬೆಳ್ಳಗೆ ಕಾಣುತ್ತದೆ. ಅವಕ್ಕೆ ಪ್ಲಾಸ್ಟರ್ ಮನೆ ಸಾಕು.

ಹಾಗಾಗಿ ಪ್ಲಾಸ್ಟರ್ ಮಾಡಿದರೂ ಶುದ್ಧ ಮಾಡಿದ ಮಣ್ಣು ಮರಳಿನ ಪುಡಿ ಎರಡು ಚಮಚ ಓಡಾಟದ ಡಬ್ಬಿಯಲ್ಲಿ (ಇರುವೆ ಗೂಡಿನಿಂದ ಹೊರಬಂದು ಓಡಾಡಲು ಜೋಡಿಸಿದ ಡಬ್ಬಿ) ಹಾಕಿಡಿ. ಬೇಕಾದಷ್ಟನ್ನು ಅವೇ ಒಳಗೆ ಸಾಗಿಸುತ್ತವೆ.

ಅಡಿಕೆ_ಸೋಗೆ
ಇಷ್ಟು ವರ್ಷ ಗೊದ್ದದ ಮೊಟ್ಟೆ ಅಂತಲೇ ತಿಳಿದಿದ್ದೆ. ಧನ್ಯವಾದ. ಹಾಗಾದರೆ ಚಗಳಿಗೂ ಮಣ್ಣು ಬೇಕಾ?

ಜಿಗಿ_ಇರುವೆ
ಚಗಳಿ ಮರದ ಇರುವೆ, ಎಲೆ ಹೊಲಿದು ಮನೆ ಮಾಡುತ್ತದೆ. ಹೊಲಿಯುವ ದಾರ ಅದರ ಮರಿಹುಳುವಿನದೇ ರೇಷ್ಮೆ. ಆ ರೇಷ್ಮೆಯನ್ನೆಲ್ಲ ಮನೆಗೇ ಕೊಟ್ಟುಬಿಡುವುದರಿಂದ ಅವು ಕೋಶ ಕಟ್ಟಲ್ಲ. ಮಣ್ಣು ಬೇಡ.

ಕೊಪ್ಪದ_ಕಾಫಿ
ಚಗಳಿ ಸಾಕುವುದು ಬೇಡ, ಚಟ್ನಿ ಮಾಡಿ. ನಮ್ಮಜ್ಜಿ ಕೊಟ್ಟೆ (ಎಲೆಗೂಡು) ಸಮೇತ ತಂದು, ಕೆಂಡದ ಮೇಲೆ ಬಾಡಿಸಿ, ಗಾಂಧಾರಿ ಮೆಣಸು, ಉಪ್ಪು, ಬೆಳ್ಳುಳ್ಳಿ, ಕಾಯಿತುರಿ ಹಾಕಿ ಅರೆಯುತ್ತಿದ್ದರು. ಹುಣಸೆಹಣ್ಣೇ ಬೇಡ, ಅಷ್ಟು ಹುಳಿ. ಒಡಿಶಾದ ಸಿಮಿಲಿಪಾಲದ ಇದೇ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ನಮ್ಮ ಮಲೆನಾಡಿನದಕ್ಕೆ ಯಾರೂ ಕೇಳಲಿಲ್ಲ.

ಕುಶಿ_ಕೀಟಲೋಕ
ಅಯ್ಯೋ, ಇದು ಸಾಕುವವರ ಚರ್ಚೆ!

ಕೊಪ್ಪದ_ಕಾಫಿ
ತಿನ್ನುವವರಿಗೂ ಪ್ರೀತಿ ಇರುತ್ತದೆ ತಂಗಿ. ಚಗಳಿ ಇರುವ ಮರದ ಮೇಲೆ ಔಷಧಿ ಹೊಡೆಯಲು ನಮ್ಮಜ್ಜಿ ಬಿಡುತ್ತಿರಲಿಲ್ಲ.

ತಿಪಟೂರು_ತೆಂಗು
ವಿಷಯಕ್ಕೆ ಬರೋಣ. ಮಣ್ಣು ಆಯ್ಕೆ ಆಯಿತು ಅಂದುಕೊಳ್ಳಿ. ಬಿಸಿ ಮಾಡುವುದು ಹೇಗೆ?

ಟೀಚರಮ್ಮ_ಹಾಸನ
ನಾನು ಶಾಲೆಯ ವಿಜ್ಞಾನ ಕೊಠಡಿಗೆ ಮಾಡುವ ಕ್ರಮ ಹೇಳುತ್ತೇನೆ. ಮಣ್ಣು ಒದ್ದೆ ಇರಬೇಕು, ಒಣ ಮಣ್ಣಿಗೆ ಶಾಖ ಸರಿಯಾಗಿ ಇಳಿಯಲ್ಲ. ಹಳೇ ಇಡ್ಲಿ ಪಾತ್ರೆಯಲ್ಲಿ ತಳಕ್ಕೆ ನೀರು, ಮೇಲೆ ಬಟ್ಟೆಯಲ್ಲಿ ಕಟ್ಟಿದ ಮಣ್ಣಿನ ಗಂಟು. ಗಂಟು ದಪ್ಪ ಇರಬಾರದು, ಚಪ್ಪಟೆಯಾಗಿ ಹರಡಿರಲಿ. ಮಣ್ಣಿನ ನಡುಭಾಗ 82 ಡಿಗ್ರಿ ಮುಟ್ಟಿ ಅರ್ಧ ಗಂಟೆ ಇರಬೇಕು. ನರ್ಸರಿಯವರು ಸಸಿಮಣ್ಣಿಗೆ ಅನುಸರಿಸುವ ಲೆಕ್ಕವೂ ಇದೇ. ಹಬೆ ಬರಲು ಶುರುವಾದ ಮೇಲೆ ಮುಕ್ಕಾಲು ಗಂಟೆ ಬಿಟ್ಟರೆ ಧಾರಾಳ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ನಿಮ್ಮ ಅಮ್ಮ ಹೇಳಿದ್ದು ಸರಿಯಾಗಿಯೇ ಇದೆ.

ಹೊಸ_ಗೂಡು
ಮೈಕ್ರೋವೇವ್?

ಟೀಚರಮ್ಮ_ಹಾಸನ
ಆಗುತ್ತದೆ. ಒದ್ದೆ ಮಣ್ಣು, ಗಾಜಿನ ಬಟ್ಟಲು, ಮುಚ್ಚಳ ಸಡಿಲ. ಮೊಳೆ, ತಂತಿ ಚೂರು ಇಲ್ಲದ ಹಾಗೆ ಮೊದಲೇ ಜರಡಿ ಹಿಡಿಯಿರಿ. ವಾಸನೆಗೆ ಮನೆಯವರು ಬೈಯುತ್ತಾರೆ.

ರಾಯಚೂರು_ಬಿಸಿಲು
ಗ್ಯಾಸ್ ಯಾಕೆ ಸುಡಬೇಕು? ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ತಗಡಿನ ಮೇಲೆ ಹರಡಿದರೆ ಒಂದು ಹುಳ ಉಳಿಯಲ್ಲ.

ಮಣ್ಣಿನ_ಮೇಷ್ಟ್ರು
ಸುಮ್ಮನೆ ಹರಡಿದರೆ ಮೇಲ್ಪದರ ಮಾತ್ರ ಕಾಯುತ್ತದೆ. ಮಣ್ಣು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚು ಗಾಳಿಯಾಡದಂತೆ ಒತ್ತಿ ಕೆಲವು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಚೆನ್ನಾಗಿ ಕೆಲಸ ಮಾಡುತ್ತದೆ, ಬಿಸಿಲು ನೇರ ಮಣ್ಣಿಗೆ ಬೀಳುತ್ತದೆ. 1970ರ ದಶಕದಲ್ಲಿ ಇಸ್ರೇಲಿನಲ್ಲಿ ಬೆಳೆದು ಬಂದ ಪದ್ಧತಿ ಇದು. ಆದರೂ ಹಬೆಯಷ್ಟು ಖಾತ್ರಿ ಇಲ್ಲ. ಎರಡು ಕೆಜಿ ಮಣ್ಣಿಗೆ ಹಬೆಯೇ ಸುಲಭ.

ಕಾಡು_ಮನಸು
ನಾನು ಬೇರೆಯದೇ ಹೇಳುತ್ತೇನೆ. ಇಷ್ಟೆಲ್ಲ ಕುದಿಸುವ ಅಗತ್ಯವೇ ಇಲ್ಲ. ಇರುವೆ ಕೋಟ್ಯಂತರ ವರ್ಷದಿಂದ ಹಸಿ ಮಣ್ಣಿನಲ್ಲಿ ಬದುಕಿದೆ. ಅದರ ಮೈಯಲ್ಲೇ ಸೋಂಕು ತಡೆಯುವ ಗ್ರಂಥಿ ಇದೆ, ಮೆಟಾಪ್ಲೂರಲ್ ಗ್ರಂಥಿ. ಮಣ್ಣಿನ ಜೀವ ಕೊಂದರೆ ಖಾಲಿ ಜಾಗಕ್ಕೆ ಮೊದಲು ಬಂದು ಕೂರುವುದು ಬೂಷ್ಟೇ.

ಜಿಗಿ_ಇರುವೆ
@ಕಾಡು_ಮನಸು ನಿಮ್ಮ ಕೊನೆಯ ಮಾತು ಸರಿ, ಅದರ ಹಿಂದಿನದು ಗೊದ್ದಕ್ಕೆ ಹೊಂದಲ್ಲ. ಬಹುತೇಕ ಇರುವೆಗಳಿಗೆ ಆ ಗ್ರಂಥಿ ಇದೆ ನಿಜ. ಆದರೆ ಗೊದ್ದದ ಜಾತಿಯಾದ ಕ್ಯಾಂಪೊನೋಟಸ್‌ನ ಹೆಚ್ಚಿನ ಇರುವೆಗಳಿಗೆ ಅದು ಇಲ್ಲ, ಚಗಳಿಗೂ ಇಲ್ಲ. ಅವು ಒಂದನ್ನೊಂದು ನೆಕ್ಕಿ ಶುಚಿ ಮಾಡುವುದು, ಫಾರ್ಮಿಕ್ ಆಮ್ಲ ಬಳಸುವುದು, ಸತ್ತದ್ದನ್ನು ದೂರ ಹಾಕುವುದು ಇದರಿಂದ ಸಂಭಾಳಿಸುತ್ತವೆ. ಹೊರಗೆ ಗೂಡು ಕೆಟ್ಟರೆ ಬಿಟ್ಟು ಹೋಗುತ್ತವೆ. ನಮ್ಮ ಪೆಟ್ಟಿಗೆಯಲ್ಲಿ ಬಿಟ್ಟು ಹೋಗುವ ದಾರಿ ಇಲ್ಲ. ಅದಕ್ಕೇ ನಾವು ಜಾಸ್ತಿ ಎಚ್ಚರ ವಹಿಸಬೇಕು.

ನುಸಿಯೂ ಹಾಗೇ. ತೆಂಗು ಬೆಳೆಯುವವರಿಗೆ ನುಸಿ ಎಂದರೆ ಗೊತ್ತಿರುತ್ತದೆ, ಇದು ಅದರ ಬೇರೆ ಜಾತಿಗಳು. ಕೆಲವು ಸುಮ್ಮನೆ ಕಸ ತಿಂದುಕೊಂಡಿರುತ್ತವೆ. ಕೆಲವು ಇರುವೆಯ ಮೈಗೆ ಅಂಟಿ ರಕ್ತ ಹೀರುತ್ತವೆ. ಸಣ್ಣ ಕುಟುಂಬವನ್ನು ಅವು ಮುಗಿಸಿಬಿಡುತ್ತವೆ.

ಕಾಡು_ಮನಸು
ಗ್ರಂಥಿಯ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ಬಿಸಿ ಮಾಡಿದ ಮಣ್ಣಿಗೆ ಪುಟ್ಟ ಚಿಮ್ಮುವ ಹುಳಗಳಾದ ಸ್ಪ್ರಿಂಗ್‌ಟೇಲ್ ಬಿಡಬೇಕು ಅಂತ ನನ್ನ ವಾದ. ಅವು ಬೂಷ್ಟು ತಿನ್ನುತ್ತವೆ, ಇರುವೆ ತಂಟೆಗೆ ಹೋಗಲ್ಲ.

ಸಹ್ಯಾದ್ರಿ_ಕೀಟ
ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಹೊಸ_ಗೂಡು
ಮಣ್ಣಲ್ಲಿ ವಿಷ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಮನೆಯ ಸಕ್ಕರೆ ಇರುವೆ ನಾಲ್ಕು ಹಿಡಿದು ಬಿಟ್ಟು ನೋಡಿದರೆ?

ಟೀಚರಮ್ಮ_ಹಾಸನ
ನಮ್ಮ ಇರುವೆ ಉಳಿಸಲು ಬೇರೆ ಇರುವೆ ಸಾಯಿಸುವುದು ನನಗೆ ಒಪ್ಪಿಗೆ ಇಲ್ಲ. ರಾಗಿ ಕಾಳು ಹಾಕಿ ಮೊಳಕೆ ಬರುತ್ತದಾ ನೋಡಿ.

ಮೇಸ್ತ್ರಿ_ಮಗ
ಮೇಡಂ, ರಾಗಿ ಮೊಳಕೆಯಿಂದ ಉಪ್ಪು, ಗೊಬ್ಬರದ ಖಾರ ಗೊತ್ತಾಗಬಹುದು. ಕೀಟನಾಶಕ ಗೊತ್ತಾಗಲ್ಲ. ಅದು ಗಿಡ ಉಳಿಸಲು ಮಾಡಿದ್ದಲ್ಲವೇ?

ಸಹ್ಯಾದ್ರಿ_ಕೀಟ
ಇದಕ್ಕೆ ಉತ್ತರ ನೆಲದ ಮೇಲೇ ಬಿದ್ದಿದೆ. ಮಳೆ ಬಂದ ಮರುದಿನ ಬೆಳಿಗ್ಗೆ ಮೈದಾನದ ಕಡೆ, ಕೆರೆ ಏರಿಯ ಕಡೆ ಹೋಗಿ. ಗೊದ್ದದ ಗೂಡಿನ ಬಾಯಿ ಸುತ್ತ ಬಳೆಯ ಹಾಗೆ ಮಣ್ಣಿನ ಸಣ್ಣ ಉಂಡೆಗಳು ಬಿದ್ದಿರುತ್ತವೆ. ಒಂದೊಂದೂ ರಾಗಿ ಕಾಳಿನಷ್ಟು, ಇನ್ನೂ ಒದ್ದೆ, ಬಾಯಲ್ಲಿ ಕಚ್ಚಿದ ಅಚ್ಚು ಇರುವ ಹಾಗೆ ಕಾಣುತ್ತದೆ. ಅವು ಒಳಗಿನಿಂದ ಎತ್ತಿ ತಂದು ಹಾಕಿದ ಮಣ್ಣು. ಅಲ್ಲಿ ಅವು ಬದುಕಿವೆ, ಅಲ್ಲಿ ಮರಿ ಆಗಿದೆ. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಗೂಡು ಅಗೆಯದೆ, ಚಮಚದಿಂದ ಮೇಲಿನ ಉಂಡೆಗಳನ್ನು ಮಾತ್ರ ಬಾಚಿಕೊಳ್ಳಿ. ಎರಡು ಮೂರು ಗೂಡಿನಿಂದ ಸ್ವಲ್ಪ ಸ್ವಲ್ಪ. ಆಮೇಲೆ ನುಸಿಗೋಸ್ಕರ ಹಬೆ ಕೊಟ್ಟು, ತೊಳೆದ ಮರಳಿಗೆ ಬೆರೆಸಿ.

ಗೂಡು ಇರುವ ಜಾಗದ ಪಕ್ಕದ ಮಣ್ಣಾದರೂ ಪರವಾಗಿಲ್ಲ. ಒಟ್ಟು ಇರುವೆ ಹೆಚ್ಚಿರುವ, ಉಳುಮೆ ಇಲ್ಲದ ಜಾಗ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿಂದ ಮಾತ್ರ ಮಣ್ಣಾಗಲಿ ಇರುವೆಯಾಗಲಿ ತರಬೇಡಿ, ಅದು ಕಾನೂನಿಗೆ ವಿರುದ್ಧ.

ಬಯಲುಸೀಮೆ_ಬೋರು
ಕಾನೂನು ಅಂದಾಗ ನೆನಪಾಯಿತು. 2025ರಲ್ಲಿ ಕೀನ್ಯಾದಲ್ಲಿ ಇಬ್ಬರು ಬೆಲ್ಜಿಯಂ ಹುಡುಗರು ಸುಮಾರು 5000 ಇರುವೆಗಳನ್ನು ಹತ್ತಿ ಹಾಕಿದ ಟ್ಯೂಬುಗಳಲ್ಲಿ ಇಟ್ಟುಕೊಂಡು ಸಿಕ್ಕಿಬಿದ್ದರು. ತಲಾ 10 ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ, ಇಲ್ಲದಿದ್ದರೆ ಒಂದು ವರ್ಷ ಜೈಲು ಅಂತ ತೀರ್ಪಾಯಿತು. ಇಲ್ಲೂ ಆನ್‌ಲೈನ್‌ನಲ್ಲಿ ರಾಣಿ ಇರುವೆ ಮಾರುವವರು ಶುರುವಾಗಿದ್ದಾರೆ. ದುಡ್ಡು ಕೊಟ್ಟು ತರಿಸಬೇಡಿ. ಎಲ್ಲಿಂದಲೋ ಬಂದ ಜಾತಿ ನಿಮ್ಮೂರಲ್ಲಿ ತಪ್ಪಿಸಿಕೊಂಡರೆ ಹಿಡಿಯುವವರು ಯಾರು?

ಕುಶಿ_ಕೀಟಲೋಕ
ನಮ್ಮ ಮನೆಯಲ್ಲಿ ಸಂಜೆ ಸೊಳ್ಳೆ ಬತ್ತಿ, ಲಿಕ್ವಿಡ್ ಮೆಷಿನ್ ಹಾಕುತ್ತಾರೆ. ಮಣ್ಣು ಎಷ್ಟು ಶುದ್ಧ ಇದ್ದರೂ ಅದು ಇರುವೆಗೆ ತಾಗಲ್ವಾ?

ಜಿಗಿ_ಇರುವೆ
ಖಂಡಿತ ತಾಗುತ್ತದೆ ಕುಶಿ. ಲಿಕ್ವಿಡ್ ಮೆಷಿನ್‌ಗಳಲ್ಲಿ ಹೆಚ್ಚಾಗಿ ಟ್ರಾನ್ಸ್‌ಫ್ಲೂಥ್ರಿನ್ ಇರುತ್ತದೆ, ಅದು ಸೊಳ್ಳೆ ಯಾವುದು ಗೊದ್ದ ಯಾವುದು ಅಂತ ನೋಡಲ್ಲ. ಆ ಕೋಣೆಯಲ್ಲಿ ಗೂಡು ಇಡಬೇಡಿ. ಸೊಳ್ಳೆ ಪರದೆ ಕಟ್ಟಿ ಮಲಗುವುದು ಎಲ್ಲರಿಗೂ ಒಳ್ಳೆಯದು. ಇರುವೆ ಕೊಲ್ಲುವ ಸೀಮೆಸುಣ್ಣದ ಗೆರೆ ಎಳೆದ ನೆಲ, ನುಸಿಗುಳಿಗೆ ಹಾಕಿದ ಬೀರು, ಇವುಗಳಿಂದಲೂ ದೂರ. ಮಣ್ಣು ಕಲಸುವ ಮುಂಚೆ ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೊಳ್ಳೆ ಕ್ರೀಂ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ.

ತಿಪಟೂರು_ತೆಂಗು
ಎಲ್ಲರಿಗೂ ತುಂಬಾ ಧನ್ಯವಾದ. ಕೆರೆ ಏರಿಯ ಹತ್ತಿರ ಗೊದ್ದದ ಗೂಡು ಬೇಕಾದಷ್ಟಿವೆ, ಅಲ್ಲಿಂದಲೇ ತರುತ್ತೇನೆ. ಹಳೇ ಇಡ್ಲಿ ಪಾತ್ರೆ ಅಮ್ಮ ಕೊಡಲು ಒಪ್ಪಿದ್ದಾರೆ. ಇನ್ನೆರಡು ಪ್ರಶ್ನೆ. ಹಬೆ ಕೊಟ್ಟ ಮಣ್ಣನ್ನು ಆರಿದ ಕೂಡಲೇ ತುಂಬಬಹುದಾ? ಪೂರ್ತಿ ಪೆಟ್ಟಿಗೆ ಒದ್ದೆ ಮಾಡಬೇಕಾ?

ಕೆಮ್ಮಣ್ಣು_ಕೋಲಾರ
ಶುದ್ಧ ಬಟ್ಟೆ ಮುಚ್ಚಿ ಪೂರ್ತಿ ಆರಿಸಿ. ವಾಸನೆ ಮೂಸಿ ನೋಡಿ, ಮಳೆ ಬಿದ್ದ ನೆಲದ ಹಾಗೆ ಇದ್ದರೆ ಸರಿ. ಹುಳಿ ವಾಸನೆ, ಮುಗ್ಗು ವಾಸನೆ ಬಂದರೆ ಆ ಮಣ್ಣು ಬೇಡ. ತುಂಬುವಾಗ ಪದರ ಪದರವಾಗಿ ಹಾಕಿ ಸೌಟಿನ ಹಿಂಭಾಗದಿಂದ ಮೆಲ್ಲಗೆ ಒತ್ತಿ, ಗಾಳಿಯ ಪೊಳ್ಳು ಉಳಿಯಬಾರದು.

ಎಲ್ಲವನ್ನೂ ಒದ್ದೆ ಮಾಡಬೇಡಿ. ಒಂದು ಮೂಲೆಯಲ್ಲಿ ತಳದವರೆಗೆ ಸ್ಟ್ರಾ ಇಳಿಸಿ, ಅದರಲ್ಲಿ ಸಿರಿಂಜಿನಿಂದ ನೀರು ಬಿಡಿ. ಆ ಬದಿ ತೇವ, ಈ ಬದಿ ಒಣ. ಮೊಟ್ಟೆ, ಮರಿಗಳನ್ನು ಅವು ತೇವದ ಕಡೆ ಇಡುತ್ತವೆ, ಕೋಶಗಳನ್ನು ಒಣಗಿದ ಕಡೆ ಸಾಗಿಸುತ್ತವೆ. ಮರಿಗಳು ಎಲ್ಲಿವೆ ಅಂತ ನೋಡಿದರೆ ನೀರು ಯಾವಾಗ ಬೇಕು ಅನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ಟ್ಯೂಬಿನಿಂದ ಬಡಿದು ಸುರಿಯಬೇಡಿ. ಟ್ಯೂಬನ್ನು ಓಡಾಟದ ಡಬ್ಬಿಯಲ್ಲಿ ಇಟ್ಟು, ಅದಕ್ಕೆ ಬೆಳಕು ಬೀಳಲಿ. ಮಣ್ಣಿನ ಪೆಟ್ಟಿಗೆಗೆ ಕಪ್ಪು ಕಾಗದ ಸುತ್ತಿ. ಮನಸ್ಸಾದಾಗ ಅವೇ ಹೋಗುತ್ತವೆ. ವಾರಗಟ್ಟಲೆ ಹಿಡಿಯಬಹುದು, ಅವಸರ ಮಾಡಬೇಡಿ.

ಗದಗ_ಎರೆ
ಆ ಸ್ಪ್ರಿಂಗ್‌ಟೇಲ್ ಎಲ್ಲಿ ಸಿಗ್ತಾವೆ? ಕೊಂಡುಕೊಳ್ಳಬೇಕಾ?

ಕಾಡು_ಮನಸು
ಕೊಳ್ಳೋದು ಬೇಡ ಅಣ್ಣ. ಔಷಧಿ ಹೊಡೆಯದ ಮರದ ಬುಡದಲ್ಲಿ ಕೊಳೆತ ಒದ್ದೆ ಎಲೆ ಎತ್ತಿ ನೋಡಿ. ಮಣ್ಣಿನ ಮೇಲೆ ಬಿಳಿ ಚುಕ್ಕಿಯಂಥವು ಚಿಮ್ಮುತ್ತವೆ, ಅವೇ. ಡಬ್ಬಿಯಲ್ಲಿ ತೊಳೆದ ಇದ್ದಿಲು ಚೂರು ಹಾಕಿ, ತಳದಲ್ಲಿ ಸ್ವಲ್ಪ ನೀರು ನಿಲ್ಲಿಸಿ, ಅವನ್ನು ಬಿಟ್ಟು ನಾಲ್ಕು ಅಕ್ಕಿಕಾಳು ಹಾಕಿ. ಅಕ್ಕಿಗೆ ಬೂಷ್ಟು ಬಂದರೆ ಅದೇ ಅವಕ್ಕೆ ಊಟ. ಜೊತೆಗೆ ನುಸಿ ಬಂದಿದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ, ದುಂಡಗೆ ನಿಧಾನವಾಗಿ ತೆವಳುವುದು ಕಂಡರೆ ಆ ಡಬ್ಬಿ ಬಿಟ್ಟು ಬೇರೆ ಮಾಡಿ. ಸ್ಪ್ರಿಂಗ್‌ಟೇಲ್ ಚೆನ್ನಾಗಿ ಹೆಚ್ಚಿದ ಮೇಲೆ ಡಬ್ಬಿಗೆ ನೀರು ಹಾಕಿದರೆ ಅವು ತೇಲುತ್ತವೆ. ಆ ನೀರನ್ನೇ ಗೂಡಿನ ತೇವದ ಮೂಲೆಗೆ ಒಂದು ಚಮಚ ಸುರಿಯಿರಿ.